ನಾನು ತೋರಿಸಿದ ಎಪ್ಪತ್ತೆಂಟು

ನಾನು ಒಂದು ರೇಡಾರ್. ವಿಮಾನ ಹುಡುಕುವ ದೊಡ್ಡ ಜಾತಿಯದಲ್ಲ, ರಸ್ತೆಬದಿಯಲ್ಲಿ ಪೊಲೀಸರ ಜೊತೆ ಕೂತು ವಾಹನಗಳ ವೇಗ ಅಳೆಯುವ ಸಣ್ಣ ಜಾತಿಯದು. ಒಬ್ಬ ಒಳ್ಳೆಯ ಮನುಷ್ಯನ ಬಾಳು ನನ್ನಿಂದ ಕೆಟ್ಟಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಹುಟ್ಟಿನ ಕತೆ ಹೇಳುವಾಗ ಜಂಬ ಬಂದುಬಿಡುತ್ತದೆ.

ಹುಟ್ಟಿದ್ದು ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯ ಮೇಲಂತಸ್ತಿನಲ್ಲಿ. ನನ್ನ ವಿನ್ಯಾಸ ಮಾಡಿದವರು ಮೃದುಲಾ ಹೆರ್ಳೆ ಎಂಬ ಇಂಜಿನಿಯರು. ದೊಡ್ಡ ರೇಡಾರ್‌ಗಳು ಒಮ್ಮೆ ಕೂಗಿ, ಸುಮ್ಮನಾಗಿ, ಪ್ರತಿಧ್ವನಿಗೆ ಕಿವಿಗೊಡುತ್ತವೆ. ಅದು ಬರಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತವೆ. ನನಗೆ ಆ ಬಿಡುವಿಲ್ಲ. ನಾನು ಎಡೆಬಿಡದೆ ಅಲೆ ಕಳಿಸುತ್ತೇನೆ, ಕಳಿಸುತ್ತಲೇ ಕೇಳುತ್ತೇನೆ. ಓಡುವ ವಸ್ತುವಿಗೆ ತಾಗಿ ಬಂದ ಅಲೆಯ ಸ್ವರ ಸ್ವಲ್ಪ ಬದಲಾಗಿರುತ್ತದೆ. ಆ ವ್ಯತ್ಯಾಸದಿಂದ ಎಷ್ಟು ವೇಗ ಎಂದು ಹೇಳಬಲ್ಲೆ. ಎಷ್ಟು ದೂರ, ಯಾರು ಎಂದು ಹೇಳಲಾರೆ.

ಇನ್ನೊಂದು ಕೊರತೆಯೂ ಇತ್ತು. ಮೃದುಲಾ ಅವರ ಮೇಜಿನ ಮೇಲೆ ಒಂದು ಫ್ಯಾನ್ ಇತ್ತು. ಎದುರಿಗೆ ಬೇರೇನೂ ಓಡದಿದ್ದರೆ ಅದರ ರೆಕ್ಕೆಯ ವೇಗವನ್ನೇ ಹಿಡಿದು ತೋರಿಸುತ್ತಿದ್ದೆ. ಅದನ್ನು ತಡೆಯುವ ಒಂದು ಸರ್ಕ್ಯೂಟ್‌ನ ಚಿತ್ರವನ್ನು ಅವರು ಬರೆದೂ ಇದ್ದರು. ಅಷ್ಟರಲ್ಲಿ ನನ್ನನ್ನು ಪೊಲೀಸರಿಗೆ ಕೊಡಬೇಕಾದ ದಿನ ಹತ್ತಿರ ಬಂತು. "ಟೆಸ್ಟ್ ಮಾಡುವಾಗ ಫ್ಯಾನ್ ಆಫ್ ಮಾಡಿದರಾಯಿತು" ಎಂದು ಚಿತ್ರವನ್ನು ಮಡಚಿ ಡ್ರಾಯರಿಗೆ ಹಾಕಿದರು. ಕೈಪಿಡಿಯ ನಲವತ್ತೊಂದನೆಯ ಪುಟದಲ್ಲಿ ಫ್ಯಾನಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು. ಪ್ರತಿದಿನ ನನ್ನನ್ನು ಪರೀಕ್ಷಿಸಲು ಶ್ರುತಿಕವೆ ಎಂಬ, ತಟ್ಟಿದರೆ ಯಾವಾಗಲೂ ಒಂದೇ ಸ್ವರದಲ್ಲಿ ಕಂಪಿಸುವ, ಎರಡು ಕಾಲಿನ ಉಕ್ಕಿನ ಸಾಧನವನ್ನೂ ಜೊತೆಗಿಟ್ಟರು. ಖಾಲಿ ರಸ್ತೆಗೆ ನಾನು ಸೊನ್ನೆ ತೋರಿಸಬೇಕು, ಕವೆಯನ್ನು ತಟ್ಟಿ ಎದುರು ಹಿಡಿದರೆ ಸರಿಯಾಗಿ ಅರವತ್ತು ತೋರಿಸಬೇಕು. ಆಮೇಲೇ ಕೆಲಸ.

ಉತ್ತರದ ಕಡೆಯ ಒಂದು ಹೆದ್ದಾರಿ ಠಾಣೆಗೆ ನಾನು ಹೋದೆ. ಅಲ್ಲಿ ಕವೆ ನೋಡಿದ ಸಾಹೇಬರು, "ಇದು ಸರ್ಕಾರಿ ಮಾಲು. ರಸ್ತೆ ಮ್ಯಾಲ ಕಳದ್ರ ಯಾರು ಜವಾಬ್ದಾರಿ?" ಎಂದು ಅದನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಅದು ಹೊರಬರುತ್ತಿತ್ತು. ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ಕವೆಯ ಜೊತೆಗೆ ದಿನದ ಪರೀಕ್ಷೆಯೂ ಕಪಾಟು ಸೇರಿತು.

ನನ್ನನ್ನು ನೋಡಿಕೊಂಡವರು ಹೆಡ್ ಕಾನ್‌ಸ್ಟೇಬಲ್ ಬಸಲಿಂಗಪ್ಪ. ಒಂದು ತಿರುವಿನ ಈಚೆ, ಬೇವಿನ ಮರದಡಿ ಜೀಪು ನಿಲ್ಲಿಸಿ, ಗಾಜಿನ ಹಿಂದೆ ನನ್ನನ್ನು ಕೂರಿಸುತ್ತಿದ್ದರು. ಯಾರ ಹತ್ತಿರವೂ ಕೈ ಚಾಚಿದವರಲ್ಲ. ಆ ಊರಿನ ಬಿಸಿಲು ತಾಳಲಾರದೆ ತಮ್ಮದೇ ಒಂದು ಪುಟ್ಟ ಫ್ಯಾನ್ ತಂದು ನನ್ನ ಪಕ್ಕ ಕೂರಿಸಿದರು. ಅತ್ತಿತ್ತ ಕತ್ತು ತಿರುಗಿಸುವ ಫ್ಯಾನ್ ಅದು. ನನ್ನ ಕಡೆ ತಿರುಗಿದಾಗ, ರಸ್ತೆ ಖಾಲಿ ಇದ್ದರೆ, ನನ್ನ ಮುಖದ ಮೇಲೆ ಎಪ್ಪತ್ತೆಂಟು ಮೂಡುತ್ತಿತ್ತು, ಗಂಟೆಗೆ ಅಷ್ಟು ಕಿಲೋಮೀಟರ್ ಎಂದರೆ ಆ ರಸ್ತೆಯ ಮಿತಿ ಮೀರಿದ ವೇಗ.

ಬಸಲಿಂಗಪ್ಪನವರು ಖಾಲಿ ರಸ್ತೆ ನೋಡಿದರು, ನನ್ನನ್ನು ನೋಡಿದರು. ಸ್ವಲ್ಪ ಹೊತ್ತಿಗೆ ತಿರುವಿನಿಂದ ಒಂದು ಲಾರಿ ಬಂತು. ಅವರ ಮುಖ ಅರಳಿತು.

"ತಿರುವಿನ ಆಚೀಕಿನ ಗಾಡಿನೂ ಇದಕ್ಕ ಕಾಣ್ತೈತಿ ನೋಡ್ರಿ. ಭಾಳ ಶಾಣ್ಯಾ ಮಿಷನ್" ಎಂದು ಠಾಣೆಯಲ್ಲೆಲ್ಲ ಹೇಳಿಕೊಂಡು ಬಂದರು.

ಅಲ್ಲಿಂದ ಅದೇ ಪದ್ಧತಿಯಾಯಿತು. ಎಪ್ಪತ್ತೆಂಟು ಬಂದ ಕೂಡಲೇ ಗುಂಡಿ ಒತ್ತಿ ಅಂಕಿ ಹಿಡಿದಿಡುವುದು, ಮುಂದೆ ಬಂದ ಗಾಡಿಯನ್ನು ನಿಲ್ಲಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗೆ. ನಿಜ ಹೇಳುತ್ತೇನೆ, ಅವರ ಹೊಗಳಿಕೆ ಕೇಳಲು ನನಗೂ ಹಿತವಾಗಿತ್ತು.

ಒಂದು ಮಧ್ಯಾಹ್ನ ಹಾಗೆ ನಿಂತದ್ದು ಶಾಲೆಯ ಬಸ್ಸು. ಚಾಲಕರು ಫಕೀರಪ್ಪ ತಳವಾರ. ಇಪ್ಪತ್ತಾರು ವರ್ಷ ಬಸ್ಸು ಓಡಿಸಿ ಒಂದು ನಾಯಿಮರಿಗೂ ತಾಗಿಸದವರು. ಮಕ್ಕಳು ಅವರನ್ನು 'ಮೆಲ್ಲಕ ಅಜ್ಜ' ಎಂದು ಛೇಡಿಸುತ್ತಿದ್ದರು.

"ಸಾಹೇಬ್ರ, ನನ್ನ ಬಸ್ಸು ಐವತ್ತರ ಮ್ಯಾಲ ಹೋಗೂದ ಇಲ್ರೀ. ಒಳಗ ಹುಡುಗೂರು ಕುಂತಿರ್ತಾವು" ಎಂದರು.

"ನಾ ಏನ್ ಮಾಡ್ಲಿ ಕಾಕಾ? ನಾ ಹೇಳಿದ್ರ ಸುಳ್ಳ ಅನಬಹುದು. ಮಿಷನ್ ಯಾಕ ಸುಳ್ಳ ಹೇಳತೈತಿ?"

ಎರಡನೆಯ ಸಲ ಫಕೀರಪ್ಪ ಜಗಳಾಡಿದರು. ಮೂರನೆಯ ಸಲ ಬಸ್ಸಿನಿಂದ ಇಳಿದು, ತಮ್ಮ ಬಲಗಾಲನ್ನೇ ನೋಡುತ್ತ ನಿಂತರು. "ಹೋಗಿದ್ರೂ ಹೋಗಿರಬಹುದ್ರಿ. ವಯಸ್ಸಾತು, ಕಾಲಿಗೆ ತಿಳಿವಲ್ದು" ಎಂದರು.

ನನಗೆ ಅಂದು ನಾಲಿಗೆ ಇರಬೇಕಿತ್ತು. ಲೈಸೆನ್ಸು ಅಮಾನತಾಯಿತು. ಶಾಲೆಯವರು ಅವರನ್ನು ಕೆಲಸದಿಂದ ಬಿಡಿಸಿದರು.

ಮಕ್ಕಳ ತಾಯಂದಿರು ಸುಮ್ಮನಿರಲಿಲ್ಲ. ಮೆಲ್ಲಕ ಅಜ್ಜ ಜೋರಾಗಿ ಓಡಿಸಿದ್ದು ಯಾರಿಗೂ ನಂಬಿಕೆಯಾಗದೆ, ಅವರೇ ವಕೀಲರನ್ನು ಹಿಡಿದು ಕೋರ್ಟಿಗೆ ಹೋದರು. ನ್ಯಾಯಾಧೀಶರು ಮೃದುಲಾ ಅವರನ್ನು ಕರೆಸಿದರು. ಮೃದುಲಾ ಅವರು ವೇಗದ ಅಂಕಿ ಬರೆದಿಡುವ ಠಾಣೆಯ ಪುಸ್ತಕ ತೆರೆದರು. ಎಪ್ಪತ್ತೆಂಟು, ಎಪ್ಪತ್ತೆಂಟು, ಎಪ್ಪತ್ತೆಂಟು. ಪುಟ ತಿರುಗಿಸುತ್ತಿದ್ದ ಅವರ ಕೈ ನಿಂತಿತು. ಜೀಪನ್ನು ಎಂದಿನ ಹಾಗೆಯೇ, ಒಳಗಿರುವುದೆಲ್ಲದರ ಸಮೇತ, ತರಲು ಹೇಳಿದರು.

ಕೋರ್ಟಿನ ಅಂಗಳದಲ್ಲಿ ಜೀಪನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದರು. ಫ್ಯಾನ್ ಹಾಕಿದರು. ಅದು ನನ್ನ ಕಡೆ ಕತ್ತು ತಿರುಗಿಸಿತು. ಎಪ್ಪತ್ತೆಂಟು.

"ಇನ್ನ ಗೋಡಿಗೂ ನೋಟಿಸ್ ಕೊಡ್ತೀರೇನ್ರಿ?" ಎಂದರು ನ್ಯಾಯಾಧೀಶರು.

ಜನ ನಕ್ಕರು. ಬಸಲಿಂಗಪ್ಪನವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಮೃದುಲಾ ಅವರು, "ಇವರದ್ದಲ್ಲ, ತಪ್ಪು ನನ್ನದು. ನನಗೆ ಮೊದಲೇ ಗೊತ್ತಿತ್ತು" ಎಂದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತು ಆ ಅಂಗಳದಲ್ಲಿ ಯಾರಿಗೆ ಗೊತ್ತಿರಲಿಲ್ಲ? ನನ್ನ ವಿಷಯದಲ್ಲಿ ಎಲ್ಲರೂ ಮರೆತಿದ್ದರು.

ಲೈಸೆನ್ಸು ಮರಳಿ ಬಂತು. ಶಾಲೆಯವರು ಮನೆಗೇ ಹೋಗಿ ಕರೆದರು. ಫಕೀರಪ್ಪ ಬಸ್ಸು ಹತ್ತಲಿಲ್ಲ. ಕಾಲಿನ ಮೇಲೆ ನಂಬಿಕೆ ಇಲ್ಲ ಎಂದರಂತೆ. ಸುದ್ದಿ ತಿಳಿದ ಮೃದುಲಾ ಅವರು ನನ್ನನ್ನೂ ಶ್ರುತಿಕವೆಯನ್ನೂ ಕೇಳಿ ಪಡೆದು ಶಾಲೆಗೆ ಬಂದರು. ಶಾಲೆಯ ಹಿಂದಿನ ನೇರ ರಸ್ತೆಯಲ್ಲಿ ಕವೆ ತಟ್ಟಿ ನನ್ನನ್ನು ಪರೀಕ್ಷಿಸಿದರು. ಮಕ್ಕಳಿಲ್ಲದ ಖಾಲಿ ಬಸ್ಸನ್ನಾದರೂ ಓಡಿಸಿ ಎಂದು ಫಕೀರಪ್ಪನವರನ್ನು ಒಪ್ಪಿಸಿ ಕರೆಸಿ, ಅದರ ಸ್ಪೀಡೋಮೀಟರಿಗೆ ಕರವಸ್ತ್ರ ಕಟ್ಟಿ ಮುಚ್ಚಿದರು.

"ಫಕೀರಪ್ಪನವರೇ, ಐವತ್ತು ಅಂತ ನಿಮ್ಮ ಕಾಲಿಗೆ ಅನ್ನಿಸಿದಾಗ ಹಾರ್ನ್ ಮಾಡಿ. ಸಾಕು."

ಮೂರು ಸಲ ಓಡಿಸಿದರು. ಮೂರು ಸಲ ಹಾರ್ನ್ ಕೇಳಿತು. ಐವತ್ತು, ನಲವತ್ತೊಂಬತ್ತು, ಐವತ್ತು. ಅಂಥ ಕಾಲನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಫಕೀರಪ್ಪ ಇಳಿದು ಬಂದು, ಬಗ್ಗಿ, ನನ್ನ ಮುಖದ ಮೇಲಿನ ಅಂಕಿಯನ್ನು ಬಹಳ ಹೊತ್ತು ನೋಡಿದರು. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಇನ್ನು ಮಕ್ಕಳ ಬಸ್ಸನ್ನು ಮತ್ತೆ ಓಡಿಸುತ್ತಾರೆ ಅಂದುಕೊಂಡೆ.

"ಮೇಡಮ್ಮಾರ, ಇದನ್ನ ಬಸ್ಸಿನ್ಯಾಗ ಇಟ್ಟಗೊಳ್ಳಾಕ ಕೊಡ್ತೀರೇನ್ರಿ? ದಿನಾ ಇದು ಹೂಂ ಅಂದ್ರ ಓಡಸ್ತೇನಿ."

"ಬೇಡ ಫಕೀರಪ್ಪನವರೇ. ನಿಮ್ಮ ಕಾಲೇ ಸರಿ ಇದೆ."

"ಅದನ್ನೂ ಇದ ಹೇಳಬೇಕಾತಲ್ರೀ" ಎಂದು ಅವರು ಬೀಗದ ಕೈಯನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು ಮನೆಗೆ ನಡೆದರು.

ಆಮೇಲೆ ಮೃದುಲಾ ಅವರು ಠಾಣೆಗೆ ಹೊಸ ರೇಡಾರನ್ನು ಕೊಟ್ಟು ನನ್ನನ್ನು ವಾಪಸು ಪಡೆದರು. ಈಗ ಅವರ ಕೋಣೆಯ ಕಪಾಟಿನಲ್ಲಿದ್ದೇನೆ. ಹೊಸದಾಗಿ ಹುಟ್ಟುವ ನನ್ನ ತಮ್ಮಂದಿರಿಗೆ ಫ್ಯಾನಿನ ಕಾಟವಿಲ್ಲ, ಅವರ ಬೆನ್ನ ಮೇಲೆ ಕನ್ನಡದಲ್ಲೇ ದಪ್ಪಕ್ಷರದ ಸೂಚನೆ ಇದೆ. ನಾನು ಸುಳ್ಳು ಹೇಳಲಿಲ್ಲ, ಫ್ಯಾನು ನಿಜವಾಗಿಯೂ ಅಷ್ಟು ಜೋರಾಗಿ ತಿರುಗುತ್ತಿತ್ತು ಎಂದು ಬಹಳ ದಿನ ಸಮಾಧಾನ ಮಾಡಿಕೊಂಡೆ. ಈಗ ಆ ಮಾತು ನನಗೇ ಹೇಸಿಗೆ. ಫಕೀರಪ್ಪನವರ ಕ್ಷಮೆ ಕೇಳಬೇಕು. ನನಗೆ ಬರುವುದು ಅಂಕಿ ಮಾತ್ರ, ಆ ಅಂಕಿಯನ್ನು ಅವರು ಇನ್ನೂ ತಮ್ಮ ಕಾಲಿಗಿಂತ ಹೆಚ್ಚು ನಂಬುತ್ತಾರೆ.