ಎರಡು ಗೂಟದ ಕಲ್ಲು

“ಮುಟ್ಟಬ್ಯಾಡ್ರೀ ಅಮ್ಮಾರ, ಬೋರ್ಡ್ ಹಾಕೀನಿ ನೋಡ್ರಿ,” ಎಂದು ಮಂಜೂರ್ ಮಾಸ್ತರರು ಕುರ್ಚಿ ಬಿಟ್ಟು ಏಳುವಷ್ಟರಲ್ಲಿ ಪಾರ್ವತೆಮ್ಮ ಮುಟ್ಟಿಯಾಗಿತ್ತು. ಮುಟ್ಟಿದ್ದಷ್ಟೇ ಅಲ್ಲ, ಮಂಡಿನೋವನ್ನೂ ಮರೆತು ಬೀಸುವ ಕಲ್ಲಿನ ಎದುರು ನೆಲಕ್ಕೆ ಕೂತು, ಅದರ ಅಂಚಿನ ಮೇಲೆ ಬೆರಳಾಡಿಸುತ್ತಿದ್ದಳು.

ಇಲ್ಲಿಗೆ ಬರುವ ವಿಚಾರವೇ ಅವಳಿಗಿರಲಿಲ್ಲ. ಮೊಮ್ಮಗಳು ಶಿವಗಂಗಾಳ ಲಗ್ನಕ್ಕೆ ಇನ್ನು ಹದಿನೆಂಟೇ ದಿನ. ಪತ್ರಿಕೆ ಕೊಡಲು ಸೊಸೆ ಶೈಲಜಾಳನ್ನು ಕಟ್ಟಿಕೊಂಡು ವಳಕಮದಿನ್ನಿ ಬಿಟ್ಟು, ಸಿಂಧನೂರಿನಲ್ಲಿ ಲಿಂಗಸುಗೂರಿನ ಬಸ್ಸು ಹತ್ತಿದ್ದಳು. ಬಸ್ಸು ಮಸ್ಕಿಗೆ ಬಂದದ್ದೇ ಗಾಳಿ ಹೋಗಿ ಟೈರು ಕುಳಿತಿತು. ಇನ್ನೊಂದು ಬಸ್ಸಿಗೆ ಮುಕ್ಕಾಲು ತಾಸು ಆಗುತ್ತದೆಂದು ಕಂಡಕ್ಟರ್ ಹೇಳಿದ. ಬಿಸಿಲು ನೆತ್ತಿ ಸುಡುತ್ತಿತ್ತು. ಎದುರಿನ ಹಳೆಯ ಹತ್ತಿ ಗೋದಾಮಿನೊಳಗೆ ಫ್ಯಾನು ತಿರುಗುವುದು ಶೈಲಜಾಳ ಕಣ್ಣಿಗೆ ಬಿತ್ತು.

“ಮ್ಯೂಸಿಯಂ ಅಂತ ಬರದಾರ ಅತ್ತಿ. ಗಾಳಿ ಪುಕ್ಕಟೆ ಐತಿ, ಬರ್ರಿ.”

ಚಿತ್ರಕಲೆ ಕಲಿಸಿ ನಿವೃತ್ತರಾದ ಮಂಜೂರ್ ಮಾಸ್ತರರು ಊರೂರು ತಿರುಗಿ ಕೂಡಿಸಿದ ಸಾಮಾನು ಎರಡು ಕೋಣೆ ತುಂಬಿತ್ತು. ಅಶೋಕನ ಶಾಸನ ನೋಡಲು ಬಂದವರು ಗುಡ್ಡ ಇಳಿದು ತಮ್ಮಲ್ಲಿಗೂ ಬರಲಿ ಎಂಬ ಆಸೆ ಅವರದು. ಬರುವವರು ಹೆಚ್ಚಾಗಿ ಬಸ್ಸು ತಪ್ಪಿದವರೇ. ನಿಜಾಮನ ಕಾಲದ ನಾಣ್ಯ, ಕಬ್ಬಿಣದ ಸೇರು, ಮುರಿದ ಕೂರಿಗೆ, ಹಿತ್ತಾಳೆಯ ಅಡಕತ್ತರಿ ಎಲ್ಲವನ್ನೂ ಪಾರ್ವತೆಮ್ಮ ಸಂತೆಯಲ್ಲಿ ಬೆಲೆ ಕೇಳದೆ ದಾಟುವವಳ ಹಾಗೆ ದಾಟಿಕೊಂಡು ಬಂದಿದ್ದಳು. ಮೂಲೆಯಲ್ಲಿ, ಗೋಣಿತಟ್ಟಿನ ಮೇಲೆ ಇದು ಕಂಡಿತು. ಮೇಲಿನ ಕಲ್ಲು ಮಾತ್ರ. ಕೆಳಗಿನದಿಲ್ಲ.

ಎಲ್ಲರ ಮನೆಯ ಕಲ್ಲಿಗೂ ಒಂದು ಗೂಟ, ಇದಕ್ಕೆ ಎದುರುಬದುರು ಎರಡು. ಎರಡನೆಯ ತೂತಿನ ಪಕ್ಕ ಚಕ್ಕೆ ಎದ್ದ ಗಾಯ. ಆ ಗಾಯ ಆಗುವಾಗ ಪಾರ್ವತೆಮ್ಮ ಅಲ್ಲೇ ಇದ್ದಳು.

ಪಾಮನಕಲ್ಲೂರಿನ ಆ ಮನೆಗೆ ಕಿರಿಯ ಸೊಸೆಯಾಗಿ ಬಂದಾಗ ಅವಳಿಗೆ ಹದಿನಾರು. ಭಾವನ ಹೆಂಡತಿ ಅಂಬಮ್ಮ ಎಡಚಿ. ಒಂದೇ ಗೂಟ ಇಬ್ಬರೂ ಹಿಡಿದರೆ ಬಳೆಗೆ ಬಳೆ ಬಡಿದು ಒಡೆಯುತ್ತಿದ್ದವು. ತಿಂಗಳಿಗೆ ಎಷ್ಟು ಬಳೆ ತರೋದು ಎಂದು ಗೊಣಗಿದ ಅತ್ತೆಯೇ ಕಲ್ಲುಕುಟಿಗನನ್ನು ಕರೆಸಿ ಇನ್ನೊಂದು ತೂತು ಹೊಡೆಸಿದ್ದಳು. ಆಮೇಲೆ ಹನ್ನೆರಡು ವರ್ಷ, ಕೋಳಿ ಕೂಗುವ ಹೊತ್ತಿಗೆ, ಒಂದು ಕಾಲು ಚಾಚಿ ಒಂದು ಕಾಲು ಮಡಚಿ ಎದುರುಬದುರು ಕೂತು ಇಬ್ಬರೂ ಜೋಳ ಬೀಸಿದರು. ತವರಿನ ಸುದ್ದಿ, ಗಂಡಂದಿರ ಮೇಲಿನ ಸಿಟ್ಟು, ಉಳಿಯದೆ ಹೋದ ಕೂಸಿನ ದುಃಖ, ಎಲ್ಲ ಆ ಕಲ್ಲಿನ ಸದ್ದಿನೊಳಗೆ ಹೇಳಿ ಮುಗಿಯುತ್ತಿತ್ತು. ಅಂಥ ಗೆಳತಿ ಪಾರ್ವತೆಮ್ಮನಿಗೆ ಆಮೇಲೆ ಸಿಗಲೇ ಇಲ್ಲ.

ಅಣ್ಣತಮ್ಮಂದಿರ ನಡುವೆ ಹೊಲದ ಬದುವಿಗೆ ಜಗಳ ಹತ್ತಿ ಮನೆಯೊಂದು ಮೂರು ಬಾಗಿಲಾಯಿತು. ಪಂಚರು ಎತ್ತು, ಹಂಡೆ, ಕೊಟ್ಟಿಗೆಯ ತೊಲೆ ಎಲ್ಲ ಹಂಚಿದರು. ಕೊನೆಗೆ ಕಲ್ಲು ಉಳಿಯಿತು. “ಮ್ಯಾಲಿಂದು ನನಗಿರಲಿ,” ಎಂದಳು ಅಂಬಮ್ಮ. “ಹಂಗಾರ ಕೆಳಗಿಂದು ನನಗ,” ಎಂದಳು ಪಾರ್ವತೆಮ್ಮ. ಪಂಚರು ಹಣೆ ಚಚ್ಚಿಕೊಂಡರು. ಗಂಡಸರಿಗೆ ಅದು ಬರೀ ಹಟವಾಗಿ ಕಂಡಿತು. ಹಿಟ್ಟು ಬೇಕಾದ ದಿನ ಅವಳೇ ನನ್ನ ಬಾಗಿಲಿಗೆ ಬರಬೇಕು, ಬಂದೇ ಬರುತ್ತಾಳೆ ಎಂದು ಇಬ್ಬರ ಹೊಟ್ಟೆಯೊಳಗೂ ಒಂದೇ ಲೆಕ್ಕವಿತ್ತು. ಬರುತ್ತಿದ್ದರೋ ಏನೋ. ಆದರೆ ಅದೇ ವರ್ಷ ಓಣಿಯ ತುದಿಗೆ ಹಿಟ್ಟಿನ ಗಿರಣಿ ಬಂತು.

ಮುಂದೆ ಪಾರ್ವತೆಮ್ಮನ ಗಂಡ ತನ್ನ ಪಾಲಿನ ಹೊಲ ಮಾರಿ ವಳಕಮದಿನ್ನಿಯಲ್ಲಿ ಕಾಲುವೆಯ ಭೂಮಿ ಹಿಡಿದ. ಅಲ್ಲಿ ಭತ್ತ, ಊಟಕ್ಕೆ ಅನ್ನ. ಕೆಳಗಿನ ಕಲ್ಲು ಬಚ್ಚಲು ಸೇರಿತು. ಮೂವತ್ತೆಂಟು ವರ್ಷ. ಇಬ್ಬರು ಗಂಡಂದಿರೂ ಮಣ್ಣಾಗಿ ಹೋದರು, ಜಗಳ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು.

“ಮಾರಿಕೊಂಡಾಳೇನು ಇದನ್ನ?” ಪಾರ್ವತೆಮ್ಮನ ಧ್ವನಿ ಏರಿತ್ತು.

“ಇಲ್ರೀ, ಪುಕ್ಕಟೆ ಕೊಟ್ಟಾರ್ರೀ,” ಎಂದರು ಮಾಸ್ತರರು. “ಪಾಮನಕಲ್ಲೂರಿನ ಅಂಬಮ್ಮಾರು. ನಾಕು ವರ್ಷ ಆತು. ಬರೇ ಮ್ಯಾಲಿನ ಕಲ್ಲು ಏನು ಚಂದ, ಬ್ಯಾರೆದ್ದೊಂದು ತಂದು ಕೆಳಗ ಇಡ್ತೀನಿ ಅಂದೆ. ಬೈದ್ರು ನೋಡ್ರಿ! ಅದರ ಜೋಡಿ ವಳಕಮದಿನ್ನ್ಯಾಗ ಐತಿ, ಅದನ್ನ ಬಿಟ್ಟು ಬ್ಯಾರೆದ್ದರ ಮ್ಯಾಲ ಕುಂದ್ರಿಸಿದ್ರ ನಿನ್ನ ಕೈ ಮುರೀತೀನಿ ಅಂದ್ರು.”

“ಮತ್ತ ಇಲ್ಲಿಗ್ಯಾಕ ತಂದುಕೊಟ್ಟಳು?”

“ನಾನೂ ಕೇಳಿದೆ ರೀ. ‘ಮನ್ಯಾಗಿದ್ರ ಯಾರು ನೋಡ್ತಾರಪ್ಪಾ? ವಳಕಮದಿನ್ನಿಯಿಂದ ಲಿಂಗಸೂರಿಗೆ ಹೋಗೋರು ಇದೇ ದಾರೀಲೆ ಹೋಗಬೇಕಲ್ಲ’ ಅಂದ್ರು. ಈಗ್ಲೂ ದವಾಖಾನಿಗೆ ಬಂದಾಗೊಮ್ಮೆ ಬಾಗಿಲದಾಗ ನಿಂತು ಕೇಳ್ತಾರ, ಯಾರರೆ ಬಂದಿದ್ರೇನು ಅಂತ.”

ಪಾರ್ವತೆಮ್ಮ ಬಾಗಿಲಾಚೆಯ ರಸ್ತೆಯ ಕಡೆ ನೋಡಿದಳು. ಈ ನಾಲ್ಕು ವರ್ಷದಲ್ಲಿ ಎಷ್ಟು ಸಲ ಈ ಗೋದಾಮಿನ ಮುಂದೆ ಹಾದುಹೋಗಿರಬಹುದು? ಕಣ್ಣಿನ ಪೊರೆ ತೆಗೆಸಲು, ಬೀಗರ ಮನೆಗೆ, ಸಾವಿಗೆ, ಸೀಮಂತಕ್ಕೆ. ಪ್ರತಿ ಸಲವೂ ಕಿಟಕಿಯ ಪಕ್ಕದ ಸೀಟು ಬೇಕೆಂದು ಹಟ ಮಾಡಿ ಕೂತು, ನಿದ್ದೆ ಹೊಡೆದಿದ್ದಳು. ಅದನ್ನು ನೆನೆದು ಅವಳಿಗೆ ತನ್ನ ಮೇಲೇ ಅಸಹ್ಯವೆನಿಸಿತು. ಬಲಗೈಯಿಂದ ತನ್ನ ಗೂಟ ಹಿಡಿದು ಅಲುಗಿಸಿದಳು. ಇನ್ನೂ ಬಿಗಿಯಾಗಿತ್ತು.

ಹೊರಗೆ ಬಸ್ಸಿನ ಹಾರ್ನು ಕೇಳಿತು.

“ಲಿಂಗಸೂರು ಬಸ್ ಬಂತು ಅತ್ತಿ, ಏಳ್ರಿ.”

“ಶೈಲಾ, ಚೀಲದಾಗ ಹೆಸರು ಬರೀಲಾರದ ಪತ್ರಿಕಿ ಐತೇನು?”

ಶೈಲಜಾ ಅತ್ತೆಯ ಮುಖ ನೋಡಿದಳು. ಪಟ್ಟಿ ಮಾಡುವಾಗ, ಪಾಮನಕಲ್ಲೂರಿನ ಸುದ್ದಿ ತೆಗೆದರೆ ಲಗ್ನಕ್ಕೇ ಬರುವುದಿಲ್ಲ ಎಂದು ಹೆದರಿಸಿದ್ದವಳು ಈ ಅತ್ತೆಯೇ. ಲಗ್ನಕ್ಕೆ ಮೊದಲು ಆಗಬೇಕಾದ ಬೀಸುವ ಕಲ್ಲಿನ ಪೂಜೆಗೆ ಪಕ್ಕದ ಮನೆಯ ಕಲ್ಲು ಸಾಲ ಕೇಳಿ ಬಂದವಳೂ ಇವಳೇ.

“ಐತ್ರಿ,” ಎಂದಳು ಶೈಲಜಾ, ಪೆನ್ನು ಹುಡುಕುತ್ತ.

ಬಸ್ಸು ಅವರನ್ನು ಬಿಟ್ಟು ಹೋಯಿತು. ಇಬ್ಬರೂ ಪಾಮನಕಲ್ಲೂರಿನ ಟಂಟಂ ಆಟೊ ಹತ್ತಿದರು. ದಾರಿಯುದ್ದಕ್ಕೂ ಪಾರ್ವತೆಮ್ಮ ಮೊದಲ ಮಾತು ಏನಾಡಬೇಕೆಂದು ಕೂಡಿಸಿದಳು, ಕೆಡಿಸಿದಳು. ಬಾಗಿಲು ಹಾಕಿಕೊಂಡರೆ? ಸೊಸೆಯ ಎದುರಿಗೇ ಹೊರಗೆ ನಡಿ ಎಂದರೆ?

ಅಂಬಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು, ಎಡಗೈಯಲ್ಲೇ. ಹೊಸ್ತಿಲಲ್ಲಿ ನೆರಳು ಬಿದ್ದದ್ದು ಕಂಡು ತಲೆಯೆತ್ತಿದಳು. ಬಹಳ ಹೊತ್ತು ನೋಡಿದಳು.

“ಕಲ್ಲು ನೋಡಿದೇನು, ಪಾರಿ?”

“ನೋಡಿದೆ.”

“ನಾಕು ವರ್ಷ ಬೇಕಾತೇನಬೇ ನೋಡಾಕ?”

“ನಾ ಏನು ಮಾಡ್ಲಿ ಯಕ್ಕಾ, ಬಸ್ಸಿನ ಟೈರು ಇವತ್ತು ಕುಂತೈತಿ.”

ಅಂಬಮ್ಮ ಕೈಯೊಳಗಿನ ಮೊರ ಕೆಳಗಿಟ್ಟಳು. “ಕೆಳಗಿಂದು ಎಲ್ಲಿಟ್ಟೀದಿ?”

ಪಾರ್ವತೆಮ್ಮನಿಗೆ ನಾಚಿಕೆಯಾಯಿತು. “ಬಚ್ಚಲದಾಗ. ಹುಡುಗಿ ಲಗ್ನಕ್ಕ ಕಲ್ಲು ಪೂಜಿ ಆಗಬೇಕು. ಆ ಮಾಸ್ತರನ್ನ ಕೇಳಿ ಮ್ಯಾಲಿಂದು ನೀ ತರಬೇಕು. ಕೆಳಗಿಂದನ್ನ ಎತ್ತಾಕ ನನ್ನೊಬ್ಬಾಕಿ ಕಡಿಂದ ಆಗಂಗಿಲ್ಲ, ಅದಕ್ಕೂ ನೀನ ಬರಬೇಕು.”

ಅಂಬಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಎದುರಿನ ನೆಲವನ್ನು ಎಡಗೈಯಿಂದ ಎರಡು ಸಲ ತಟ್ಟಿದಳು. ಪಾರ್ವತೆಮ್ಮ ಗೋಡೆ ಹಿಡಿದು ಮೆಲ್ಲಗೆ ಕೂತಳು.

ಶೈಲಜಾ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದಾಗ ಇಬ್ಬರೂ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ, ಎದುರುಬದುರು ಕೂತಿದ್ದರು. ನಡುವೆ ಒಂದು ಕಲ್ಲು ಹಿಡಿಯುವಷ್ಟು ಜಾಗ ಖಾಲಿಯಿತ್ತು. ತಂಬಿಗೆಯನ್ನು ಅಲ್ಲಿಡಲು ಬಗ್ಗಿದವಳು, ಏನನ್ನಿಸಿತೋ, ಪಕ್ಕಕ್ಕೆ ಇಟ್ಟಳು.