ಸೌದಾ ಹಲಗೆಯ ಮೇಲೆ ನಿಂತದ್ದು

ಬ್ಯಾಲೆನ್ಸ್ ಎಂಬ ಶಬ್ದವನ್ನು ವಾಮದಪದವಿನ ಮೂಸಾನಷ್ಟು ಸಲ ಹೇಳಿದವರು ಇಡೀ ಬಂಟ್ವಾಳ ತಾಲೂಕಿನಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಹೆಂಡತಿ ಸೌದಾ ಸ್ಕೂಟರ್ ಕಲಿಯುತ್ತೇನೆ ಎಂದಾಗಲೆಲ್ಲ ಅದು ಅವನ ಬಾಯಿಂದ ಹೊರಬೀಳುತ್ತಿತ್ತು. “ನಿನಗೆ ಬ್ಯಾಲೆನ್ಸ್ ಇಲ್ಲ ಮಾರಾಯ್ತಿ.” ಕೆಲಸಕ್ಕಿದ್ದ ಸೌದಿಯ ದಮ್ಮಾಮಿನಿಂದ ಫೋನಿನಲ್ಲಿ ಹೇಳಿದ್ದೂ ಅದನ್ನೇ, ರಜೆಗೆ ಊರಿಗೆ ಬಂದು ಎದುರು ಕೂತು ಹೇಳಿದ್ದೂ ಅದನ್ನೇ. ಮದುವೆಯಾದ ಹೊಸತರಲ್ಲಿ ಅವಳು ಒಮ್ಮೆ ಸೈಕಲ್ಲಿನಿಂದ ಬಿದ್ದದ್ದೇ ಅವನಿಗೆ ಸಿಕ್ಕ ಸಾಕ್ಷಿ. ಆ ಸೈಕಲ್ಲಿಗೆ ಬ್ರೇಕ್ ಇರಲಿಲ್ಲ ಎಂಬುದನ್ನು ಅವನು ಜಾಣತನದಿಂದ ಮರೆತಿದ್ದ.

ಸೌದಾಳಿಗೆ ಸ್ಕೂಟರ್ ಶೋಕಿಗೆ ಬೇಕಾಗಿರಲಿಲ್ಲ. ಅವಳ ಗೆಳತಿ ಸಮೀನಾ ಮೂಡುಬಿದಿರೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಮದುವೆ ಬಟ್ಟೆಗೆ ಸೌದಾ ಹಾಕುವ ಕಸೂತಿ ಕಂಡು, “ಪಾಲಿಗೆ ಬಾ, ಇಬ್ಬರೂ ಸೇರಿ ನಡೆಸುವ” ಎಂದು ಕರೆಯುತ್ತಲೇ ಇದ್ದಳು. ಆದರೆ ಬಸ್ಸನ್ನು ನಂಬಿದರೆ ಬೆಳಿಗ್ಗೆ ಹೋಗುವುದು ಹೇಗೋ ಆಗುತ್ತದೆ, ಸಂಜೆ ಮನೆ ಸೇರುವುದು ಅಲ್ಲಾಹನ ಇಚ್ಛೆ. ರಂಜಾನಿನ ಗಿರಾಕಿಗಳು ಶುರುವಾಗುವ ಮೊದಲು ಬಾರದಿದ್ದರೆ ಬೇರೆಯವರನ್ನು ಸೇರಿಸಿಕೊಳ್ಳುತ್ತೇನೆ ಎಂದು ಸಮೀನಾ ಕೊನೆಗೆ ಹೇಳಿಬಿಟ್ಟಿದ್ದಳು. ಸ್ಕೂಟರ್ ಇದ್ದರೆ ಅಂಗಡಿ, ಇಲ್ಲದಿದ್ದರೆ ಇಲ್ಲ.

ಹೀಗಿರುವಾಗ, ಮೂಸಾ ರಜೆಯಲ್ಲಿ ಊರಲ್ಲಿದ್ದಾಗಲೇ, ಮಗಳು ರಾಫಿಯಾ ಒಂದು ಏರ್ಪಾಡು ಮಾಡಿದಳು. ಮಿಜಾರಿನ ಕಾಲೇಜಿನಲ್ಲಿ ಓದುವ ಹುಡುಗಿ, ಸಹಪಾಠಿಗಳೆಲ್ಲ ಸಸಿಹಿತ್ಲು ಕಡಲತೀರಕ್ಕೆ ಹೋಗಿ ಅಲೆಯ ಮೇಲೆ ಹಲಗೆ ಬಿಡುವ ಸರ್ಫಿಂಗ್ ಕಲಿತು ಬಂದದ್ದು ಕೇಳಿ ಅವಳಿಗೂ ಹುಚ್ಚು ಹಿಡಿದಿತ್ತು. ಅಪ್ಪ, ಅಮ್ಮ, ತಾನು ಮೂವರ ಹೆಸರನ್ನೂ ಆ ಪಾಠಕ್ಕೆ ಕೊಟ್ಟಳು. ಮೂಸಾನ ತಾಯಿ ಬೀಯಮ್ಮ, ನೋಡಲಿಕ್ಕಾದರೂ ಬರುತ್ತೇನೆಂದು ಚಾಪೆ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತರು.

ಕಿನ್ನಿಗೋಳಿ ದಾಟುವಾಗ ಸೌದಾ ಮತ್ತೆ ಸ್ಕೂಟರಿನ ಮಾತೆತ್ತಿದಳು. ಮೂಸಾ ಸ್ಟೇರಿಂಗ್ ಮೇಲೆ ಕೈ ತಟ್ಟಿ ನಕ್ಕ.

“ಇವತ್ತು ಆ ಹಲಗೆಯ ಮೇಲೆ ಒಂದು ಸಲ ನಿಂತು ತೋರಿಸು. ಆಮೇಲೆ ನಾನು ಬ್ಯಾಲೆನ್ಸಿನ ಸುದ್ದಿ ಎತ್ತಿದರೆ ಕೇಳು.”

“ಮಾತು ಮಾತೇ ಅಲ್ವಾ?”

“ಉಮ್ಮ ಸಾಕ್ಷಿ” ಎಂದ ಮೂಸಾ. ಬೀಯಮ್ಮ ಹಿಂದಿನ ಸೀಟಿನಲ್ಲಿ ಗಂಭೀರವಾಗಿ ತಲೆಯಾಡಿಸಿದರು.

ಕಡಲ ತಡಿಯಲ್ಲಿ ಅವರಿಗಾಗಿ ಕಾಯುತ್ತಿದ್ದವಳು ಜ್ಯೋತ್ಸ್ನಾ, ಅಲ್ಲಿಯದೇ ಹುಡುಗಿ, ಅಲೆಯ ಪಾಠ ಹೇಳುವವಳು. ಮೊದಲು ಮರಳಿನ ಮೇಲೆಯೇ ಹಲಗೆ ಇಟ್ಟು ಕಲಿಸಿದಳು. ಕವುಚಿ ಮಲಗುವುದು, ಎದೆಯ ಪಕ್ಕ ಕೈಯೂರುವುದು, ಅಲೆ ಹಿಂದಿನಿಂದ ಎತ್ತಿದ ಕೂಡಲೇ ಎಡಗಾಲು ಮುಂದಿಟ್ಟು ಮೊಣಕಾಲು ಬಗ್ಗಿಸಿ ನಿಲ್ಲುವುದು. ಹಲಗೆ ಕೈಬಿಟ್ಟು ಹೋಗದಂತೆ ಅದರ ಹಗ್ಗವನ್ನು ಎಲ್ಲರ ಬಲಗಾಲಿಗೆ ಕಟ್ಟಿದಳು.

ಮರಳಿನ ಮೇಲೆ ಮೂಸಾನದ್ದೇ ಮೇಲುಗೈ. ನೀರಿಗೆ ಇಳಿದದ್ದೇ ತಡ, ಮೊದಲ ಅಲೆಗೇ ದೋಸೆ ಮಗುಚಿದ ಹಾಗೆ ಮಗುಚಿದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ನೋಡಿ, ಉಪ್ಪುನೀರು ಉಗುಳುತ್ತಾ, “ಅಲೆ ಸರಿ ಇಲ್ಲ” ಎಂದ. ರಾಫಿಯಾ ಅದೇ ಸರಿ ಇಲ್ಲದ ಅಲೆಯ ಮೇಲೆ ಎರಡನೇ ಪ್ರಯತ್ನಕ್ಕೇ ಎದ್ದು ನಿಂತು ಕೇಕೆ ಹಾಕಿದಳು.

ಸೌದಾ ಮಾತ್ರ ಏಳುವುದು, ಬೀಳುವುದು. ಭಯವೇನೂ ಇರಲಿಲ್ಲ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಆದರೆ ಪ್ರತಿ ಸಲವೂ ಏಳುವ ಹೊತ್ತಿಗೆ ಕಾಲುಗಳು ಒಂದಕ್ಕೊಂದು ತೊಡರಿಕೊಳ್ಳುತ್ತಿದ್ದವು. ಹಗ್ಗ ಪಾದಕ್ಕೆ ಸುತ್ತಿಕೊಳ್ಳುತ್ತಿತ್ತು. ಜ್ಯೋತ್ಸ್ನಾ ನೀರಿನಲ್ಲಿ ನಿಂತು, “ಎಡಗಾಲು, ಅಕ್ಕ, ಎಡಗಾಲು!” ಎಂದು ಕೂಗಿದರೆ, ದಡದ ಗಾಳಿಮರದ ನೆರಳಲ್ಲಿ ಕೂತ ಬೀಯಮ್ಮ ಅದಕ್ಕಿಂತ ದೊಡ್ಡ ಗಂಟಲಲ್ಲಿ, “ಬಿಸ್ಮಿ ಹೇಳಿ ಬಲಗಾಲಿಡು ಮಗಳೇ!” ಎನ್ನುತ್ತಿದ್ದರು. ಇಬ್ಬರು ಗುರುಗಳ ನಡುವೆ ಸೌದಾಳ ಕಾಲುಗಳಿಗೆ ದಿಕ್ಕು ತೋಚಲಿಲ್ಲ.

“ನಾನು ಹೇಳ್ಲಿಲ್ವಾ?” ಎಂದ ಮೂಸಾ, ಎದೆಮಟ್ಟದ ನೀರಿನಲ್ಲಿ ತನ್ನ ಹಲಗೆಯನ್ನು ತಬ್ಬಿಕೊಂಡು. “ಬ್ಯಾಲೆನ್ಸ್.”

ಸೌದಾಳಿಗೆ ಸಿಟ್ಟು ನೆತ್ತಿಗೇರಿತು. ಕಣ್ಣಲ್ಲಿ ನೀರೂ ಬಂತು, ಕಡಲ ನೀರಿನ ನಡುವೆ ಅದು ಯಾರಿಗೂ ಕಾಣಲಿಲ್ಲ. ಪಾಠದ ಸಮಯ ಮುಗಿಯುತ್ತ ಬಂದಿತ್ತು. ಸಮೀನಾಳ ಅಂಗಡಿಯಲ್ಲಿ ತನ್ನ ಜಾಗದಲ್ಲಿ ಬೇರೆ ಯಾರೋ ಕೂತು ಜರಿ ಪೋಣಿಸುವುದು ಅವಳಿಗೆ ಆಗಲೇ ಕಂಡುಬಿಟ್ಟಿತು.

ಜ್ಯೋತ್ಸ್ನಾ ಅವಳನ್ನು ದಡಕ್ಕೆ ಕರೆತಂದಳು. “ಎಡಗಾಲು ಮುಂದಿಡ್ಲಿಕ್ಕೆ ನಿಮಗೆ ಎಂತ ಕಷ್ಟ ಅಕ್ಕ?”

ಸೌದಾ ಸಂಕೋಚದಿಂದ ಸುತ್ತ ನೋಡಿ ದನಿ ತಗ್ಗಿಸಿದಳು. “ಹಲಗೆ ಹತ್ತುವಾಗ ಬಾಯಲ್ಲಿ ಬಿಸ್ಮಿ ಬರ್ತದೆ, ದೇವರ ಹೆಸರು. ಬಿಸ್ಮಿ ಹೇಳಿ ಎಡಗಾಲು ಹೇಗೆ ಮುಂದಿಡುವುದು? ನಮ್ಮಲ್ಲಿ ಎಡಗಾಲು ಮುಂದೆ ಇಡುವುದು ಕಕ್ಕಸಿಗೆ ಹೋಗುವಾಗ ಮಾತ್ರ.”

ಜ್ಯೋತ್ಸ್ನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಮ್ಮಲ್ಲಿಯೂ ಮದುಮಗಳು ಬಲಗಾಲಿಟ್ಟೇ ಒಳಗೆ ಬರುವುದು ಮಾರಾಯ್ರೆ!” ಎಂದವಳು ಥಟ್ಟನೆ ನಗು ನಿಲ್ಲಿಸಿ, ಸೌದಾಳನ್ನು ನೆಟ್ಟಗೆ ನಿಲ್ಲಿಸಿ, ಹೇಳದೆ ಕೇಳದೆ ಹಿಂದಿನಿಂದ ಮೆಲ್ಲನೆ ನೂಕಿದಳು. ಸೌದಾ ಮುಗ್ಗರಿಸಿದಳು. ತಡೆಯಲು ಮುಂದೆ ಬಂದದ್ದು ಬಲಗಾಲು. ಇನ್ನೊಮ್ಮೆ ನೂಕಿದಳು. ಆಗಲೂ ಬಲಗಾಲೇ.

“ತಪ್ಪು ನಂದು ಅಕ್ಕ. ಮೊದಲೇ ನೂಕಿ ನೋಡ್ಬೇಕಿತ್ತು. ಕೆಲವರದ್ದು ಹೀಗೆ, ಬಲಗಾಲೇ ಮುಂದೆ. ಅದರಲ್ಲಿ ಎಂತ ತಪ್ಪೂ ಇಲ್ಲ. ನೀವು ಬಲಗಾಲೇ ಇಡಿ.” ಅವಳು ಹಗ್ಗ ಬಿಚ್ಚಿ ಸೌದಾಳ ಎಡಗಾಲಿಗೆ ಕಟ್ಟಿದಳು. “ಕೊನೆಯದ್ದೊಂದು ಅಲೆ. ಹೋಗುವ.”

ಬೀಯಮ್ಮ ಚಾಪೆಯಿಂದ ಎದ್ದು ನಿಂತರು.

ಸೌದಾ ಕವುಚಿ ಮಲಗಿದಳು. ಗಲ್ಲ ಹಲಗೆಗೆ ತಾಗುವಷ್ಟು ಹತ್ತಿರವಿತ್ತು. ಹಿಂದಿನಿಂದ ನೀರು ಉಬ್ಬಿ ಬಂದು ಅವಳನ್ನು ಎತ್ತಿತು, “ಈಗ!” ಎಂದು ಜ್ಯೋತ್ಸ್ನಾ ಕೂಗಿದಳು. ಬಿಸ್ಮಿಲ್ಲಾ ಎಂದಳು ಸೌದಾ. ಬಲಗಾಲು ತನ್ನಷ್ಟಕ್ಕೆ ಬಂದು ಹಲಗೆಯ ನಡುವೆ ಊರಿಕೊಂಡಿತು, ಎಡಗಾಲು ಹಿಂದೆ ಉಳಿಯಿತು, ಮೊಣಕಾಲು ಬಗ್ಗಿತು, ಬೆನ್ನು ನೆಟ್ಟಗಾಯಿತು.

ನಿಂತಿದ್ದಳು.

ಹಲಗೆ ತೇಲುತ್ತಿರಲಿಲ್ಲ, ಓಡುತ್ತಿತ್ತು. ಕೆಳಗೆ ನೀರು ಸರಸರ ಎನ್ನುತ್ತಿತ್ತು, ನಿಲುವಂಗಿಯ ತುದಿ ಗಾಳಿಗೆ ಪಟಪಟ ಬಡಿಯುತ್ತಿತ್ತು. ಎದೆಮಟ್ಟದ ನೀರಿನಲ್ಲಿ ಬಾಯಿ ತೆರೆದು ನಿಂತಿದ್ದ ಗಂಡನ ಪಕ್ಕದಲ್ಲೇ ಅವಳು ಹಾದುಹೋದಳು. ಏನಾದರೂ ಹೇಳಬೇಕೆನಿಸಿತು, ಆದರೆ ಅವನ ಕಡೆ ತಿರುಗಲೂ ಪುರುಸೊತ್ತಿರಲಿಲ್ಲ. ಜೀವಮಾನದಲ್ಲಿ ಇಷ್ಟು ಖುಷಿ ಅವಳಿಗೆ ಯಾವತ್ತೂ ಆಗಿರಲಿಲ್ಲ. ಹಲಗೆ ಮರಳಿಗೆ ತಾಗಿ ನಿಲ್ಲುವವರೆಗೂ ನಿಂತೇ ಇದ್ದಳು, ಆಮೇಲೆ ಮೆಟ್ಟಿಲಿಳಿಯುವವಳಂತೆ ಇಳಿದಳು.

ರಾಫಿಯಾ ಓಡಿ ಬಂದು ಅಪ್ಪಿಕೊಂಡಳು. ಬೀಯಮ್ಮ ಎಲ್ಲವನ್ನೂ ತಾವೇ ಕಲಿಸಿದವರ ಹಾಗೆ, “ನಾನು ಆಗಲೇ ಹೇಳಿದ್ದೆ” ಎಂದರು. ಒಂದು ಲೆಕ್ಕಕ್ಕೆ ಅದು ನಿಜವೇ ಆಗಿತ್ತು.

ಮೂಸಾ ಹಲಗೆ ಎಳೆದುಕೊಂಡು ನೀರಿನಿಂದ ಹೊರಬಂದ. ಒಳ್ಳೆಯ ಮನುಷ್ಯನೇ, ಸೋತದ್ದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕು ಅಷ್ಟೆ. ಒದ್ದೆ ಗಡ್ಡ ಹಿಂಡಿಕೊಂಡು, “ಆಯ್ತು ಮಾರಾಯ್ತಿ. ನಾಳೆಯಿಂದ ನಾನೇ ನಿನಗೆ ಸ್ಕೂಟರ್ ಕಲಿಸ್ತೇನೆ” ಎಂದ.

“ನೀವು ಕಲಿಸುವುದು ಬೇಡ” ಎಂದಳು ಸೌದಾ. “ಕಲಿಸ್ಲಿಕ್ಕೆ ನಾನು ಬೇರೆಯವರನ್ನು ನೋಡಿಕೊಳ್ತೇನೆ. ನೀವು ಹಿಂದೆ ಕೂತುಕೊಳ್ಳಿ, ಸಾಕು. ಗಟ್ಟಿ ಹಿಡ್ಕೊಳ್ಳಿ ಮಾತ್ರ.”

ಬೀಯಮ್ಮ ನಕ್ಕ ನಗೆಗೆ ಆಚೆ ಬಲೆ ಬಿಡಿಸುತ್ತಿದ್ದವರೂ ತಿರುಗಿ ನೋಡಿದರು. ಸೌದಾ ಅತ್ತೆಯ ಸೆರಗಿನಲ್ಲೇ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು.

“ಸಮೀನಾ, ನನಗೊಂದು ಮಿಷನ್ ಇಡು. ನಾನು ಬರ್ತೇನೆ.”