ಟಬ್ಬಿನಲ್ಲಿ ರುಚಿ ಇರಬಾರದು

ನನಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೇಳು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಪ್ಪಿಲ್ಲದ, ಎಣ್ಣೆಯಿಲ್ಲದ, ಖಾರವಿಲ್ಲದ ಅಡುಗೆ ಮಾಡಿದವಳಿಗೆ ಸಿಟ್ಟು ಬರದೆ ಇನ್ನೇನು ಬರಬೇಕು? ಡಾಕ್ಟರು ಚೀಟಿ ಬರೆದು ಕಳಿಸುತ್ತಿದ್ದರು, ಚೀಟಿಯಲ್ಲಿ ಇದ್ದದ್ದನ್ನು ನಾನು ಬೇಯಿಸುತ್ತಿದ್ದೆ. ತಟ್ಟೆಗಳು ಅರ್ಧಕ್ಕರ್ಧ ಹಾಗೇ ವಾಪಸು ಬರುತ್ತಿದ್ದವು. ಸಪ್ಪೆ ಎಂದು ಬೈದವರಿಗೆ ಲೆಕ್ಕವಿಲ್ಲ. 'ಇನ್ನೊಂದು ಸೌಟು ಹಾಕಿ' ಎಂದು ಒಬ್ಬನೇ ಒಬ್ಬ ನರಮನುಷ್ಯನೂ ಕೇಳಲಿಲ್ಲ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೈಕಟ್ಟಿ ಕೂರಲಾಗದೆ ಪುಟ್ಟ ಮಕ್ಕಳ ಶಾಲೆಯೊಂದಕ್ಕೆ ಅಡುಗೆಗೆ ಸೇರಿಕೊಂಡೆ. ಹತ್ತೊಂಬತ್ತು ಮಕ್ಕಳು. ಯಾರಿಗೂ ನಾಲ್ಕು ತುಂಬಿಲ್ಲ. ಶಾಲೆ ನಡೆಸುವವರನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಾರೆ. ಒಂದು ಸಂಜೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಅಮ್ಮಾ, ನಾಳೆಯಿಂದ ದಿನಾ ಅರ್ಧ ಗಂಟೆ ನೀರಾಟ. ಟಬ್ಬಿಗೆ ಬಣ್ಣದ ನೀರು ಬೇಕು. ಸೋಪು ಗೀಪು, ಅಂಗಡಿ ಬಣ್ಣ ಯಾವುದೂ ಬೇಡ. ಮಕ್ಕಳು ಬಾಯಿಗೆ ಹಾಕ್ಕೊಂಡೇ ಹಾಕ್ಕೊಳ್ತಾರೆ. ಹಾಕ್ಕೊಂಡ್ರೂ ಏನೂ ಆಗಬಾರದು, ಅಷ್ಟೇ.”

ಬಾಯಿಗೆ ಹೋಗುವುದು ಎಂದರೆ ನನ್ನ ಲೆಕ್ಕದಲ್ಲಿ ಅಡುಗೆ. ಅದೂ ಡಾಕ್ಟರ ಚೀಟಿಯಿಲ್ಲದ ಅಡುಗೆ! ಆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಬೆಳಗಾಗುತ್ತಲೇ ಬೀಟ್‌ರೂಟ್ ಬೇಯಿಸಿ ಸೋಸಿದೆ. ಸೇಬನ್ನು ಹಣ್ಣಾಗಿ ಬೇಯಿಸಿ ಅರೆದೆ. ಸಬ್ಬಕ್ಕಿಯನ್ನು ನಾಲಗೆಯಲ್ಲೇ ಕರಗುವಷ್ಟು ಮೆತ್ತಗೆ ಮಾಡಿ ಬಿಟ್ಟೆ. ನಿಂಬೆ ಹಿಂಡಿದೆ. ಕೊನೆಗೆ ಒಂದೇ ಒಂದು ಚಿಟಿಕೆ ಉಪ್ಪು ಹಾಕಿದೆ.

ಹನ್ನೊಂದು ನಿಮಿಷಕ್ಕೆ ಟಬ್ ಖಾಲಿ.

ಆಡಲು ಕೊಟ್ಟ ಲೋಟ, ಆಲಿಕೆ, ಚಮಚ ಎಲ್ಲದರಲ್ಲೂ ಕುಡಿದರು. ಸಿಗದವರು ಬಗ್ಗಿ ಬಾಯಿ ಹಾಕಿದರು. ಹತ್ತೊಂಬತ್ತು ಕೆಂಪು ಮೀಸೆಗಳು ಒಟ್ಟಿಗೆ ಶೌಚಾಲಯದ ಕಡೆ ಓಡಿದವು. ಅಲ್ಲಿದ್ದದ್ದು ಎರಡೇ ಬಾಗಿಲು. ಆಮೇಲಿನದನ್ನು ಹೇಳುವುದಿಲ್ಲ.

“ಏನಮ್ಮಾ ಇದು? ನಾನು ಕೇಳಿದ್ದು ಆಟದ ನೀರು!” ಎಂದು ದೊಡ್ಡ ಟೀಚರ್ ಕೂಗಾಡಿದರು. “ಅರ್ಧ ಗಂಟೆ ಆಡಬೇಕು ಅಂತ ಇಲಾಖೆ ನಿಯಮ ಇದೆ. ನೀರೇ ಇಲ್ಲದ ಮೇಲೆ ಏನು ಆಡೋದು?”

“ನಾನು ಕುಡಿಯಿರಿ ಅಂದ್ನಾ?” ಎಂದೆ. ಆದರೆ ಒಳಗೊಳಗೇ ಹಿಗ್ಗಿ ಹೀರೇಕಾಯಿಯಾಗಿದ್ದೆ.

ಹೀಗೆ ಮೂರು ವಾರ ನಡೆಯಿತು. ಅವರು ದಿನಾ ಬೈದರು, ನಾನು ದಿನಾ ಮಾಡಿದೆ. ಗೇಟಿನವನು ಫ್ಲಾಸ್ಕ್ ಹಿಡಿದು ಟಬ್ಬಿನ ಸುತ್ತ ಸುಳಿಯತೊಡಗಿದ. ಚಿಕ್ಕ ಟೀಚರ್ ಮಕ್ಕಳಿಗೆ ಆಲಿಕೆ ಹಿಡಿಯುವುದನ್ನು ತೋರಿಸುವ ನೆಪದಲ್ಲಿ ಅದನ್ನು ತನ್ನ ಬಾಯಿಗೇ ಹಿಡಿದಳು. ಬೈದು ಹೋದ ದೊಡ್ಡ ಟೀಚರ ತುಟಿಯೂ ಒಮ್ಮೊಮ್ಮೆ ಕೆಂಪಾಗಿರುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ತಮಾಷೆ. ಆದರೆ ಆ ಹತ್ತೊಂಬತ್ತರಲ್ಲಿ ಒಬ್ಬಳು ಬೀಗ.

ನಾನೇ ಇಟ್ಟ ಹೆಸರು. ಊಟ ಕಂಡರೆ ಬಾಯಿಗೆ ಬೀಗ ಹಾಕುತ್ತಿದ್ದಳು. ಮುಟ್ಟಿದರೆ ಮುರಿಯುವಂಥ ಕೈಕಾಲು. ತಾಯಿಯಿಲ್ಲ. ಅಪ್ಪ ಬಸ್ ಡ್ರೈವರ್, ದಿನಾ ಸಂಜೆ ಬಂದು ಕೇಳುತ್ತಿದ್ದುದು ಒಂದೇ ಮಾತು: “ಒಂದು ತುತ್ತಾದ್ರೂ ಇಳಿಸಿದ್ಲಾ, ಅಮ್ಮಾ?” ತಿಂಗಳ ಕೊನೆಯ ಶುಕ್ರವಾರ ತೂಕ ನೋಡುತ್ತಾರಂತೆ. ಏರದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಕೆ ಹಾಕುತ್ತಾರಂತೆ. ಆ ನಳಿಕೆಗೆ ಹೋಗುವ ಗಂಜಿಯನ್ನು ಎಷ್ಟೋ ವರ್ಷ ಬಟ್ಟೆಯಲ್ಲಿ ಸೋಸಿ ಕಳಿಸಿದವಳು ನಾನು. ಆ ವಾರ್ಡಿನ ಮಕ್ಕಳ ಕೈಯನ್ನು ಮಂಚಕ್ಕೆ ಕಟ್ಟಿರುವುದನ್ನು ಈ ಕಣ್ಣಲ್ಲೇ ನೋಡಿದ್ದೇನೆ.

ಬೀಗ ಟಬ್ಬಿನಿಂದ ಕುಡಿದಳು. ಮೊದಲ ದಿನ ಒಂದು ಚಮಚ, ವಾರ ಕಳೆಯುವಷ್ಟರಲ್ಲಿ ಮೂರು ಲೋಟ. ಅದೇ ನೀರನ್ನು ತಟ್ಟೆ ಪಕ್ಕ ಲೋಟದಲ್ಲಿಟ್ಟರೆ ಮತ್ತೆ ಬೀಗ. ಊಟದ ಮೇಜಿನಲ್ಲಿ ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಟಬ್ಬಿನ ಹತ್ತಿರ ಎಲ್ಲರಿಗೂ ಅವರವರ ಲೋಟದ್ದೇ ಚಿಂತೆ. ನಾನು ಸದ್ದಿಲ್ಲದೆ ಸಬ್ಬಕ್ಕಿ ಹೆಚ್ಚು ಮಾಡುತ್ತಾ ಹೋದೆ.

ಆ ಶುಕ್ರವಾರಕ್ಕೆ ಎರಡು ದಿನ ಮುಂಚೆ ದೊಡ್ಡ ಟೀಚರ್ ಬಿಳಿಚಿಕೊಂಡ ಮುಖದಲ್ಲಿ ಬಂದರು.

“ನಾಳೆ ತಪಾಸಣೆ. ಅಧಿಕಾರಿ ಗಡಿಯಾರ ಹಿಡಿದು ಕೂರ್ತಾರೆ. ಮಕ್ಕಳು ಅರ್ಧ ಗಂಟೆ ಆಡದಿದ್ರೆ ಶಾಲೆಗೆ ಬೀಗ. ನಾಳೆ ಟಬ್ಬಲ್ಲಿ ರುಚಿ ಅನ್ನೋದು ಇದ್ರೆ ನಾಡಿದ್ದು ನಿಮಗೆ ಇಲ್ಲಿ ಕೆಲಸ ಇರಲ್ಲ. ಸಪ್ಪೆ ಮಾಡಿ. ನಿಮಗೆ ಬರುತ್ತಲ್ಲಾ?”

ಬರುತ್ತಲ್ಲಾ ಎಂದು ನನ್ನನ್ನು ಕೇಳುತ್ತಾರೆ! ಹೊಟ್ಟೆ ಉರಿದುಹೋಯಿತು. ಆದರೂ ಮಾಡಿದೆ. ಈ ವಯಸ್ಸಿನಲ್ಲಿ ನನಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಗುರುವಾರದ ಟಬ್ಬಿನಲ್ಲಿ ಬೀಟ್‌ರೂಟಿನ ಬಣ್ಣವಿತ್ತು, ಸಬ್ಬಕ್ಕಿ ತೇಲುತ್ತಿತ್ತು, ರುಚಿ ಮಾತ್ರ ಗೋಡೆ ನೆಕ್ಕಿದ ಹಾಗೆ. ಸೇಬಿನ ರಸದ ಬಾಟಲಿ, ನಿಂಬೆಹೋಳು, ಉಪ್ಪನ್ನು ಏಪ್ರನ್ನಿನ ಜೇಬಿಗೆ ಯಾಕೆ ಹಾಕಿಕೊಂಡೆನೋ, ದೇವರಾಣೆ ಗೊತ್ತಿಲ್ಲ.

ಅಧಿಕಾರಿ ತೆಳ್ಳಗಿನ ಮನುಷ್ಯ. ನಿಯಮದ ಪ್ರಕಾರ ಒಂದು ಚಮಚ ತಾನೇ ಕುಡಿದು, ಮುಖ ಕಿವುಚಿ, 'ಸುರಕ್ಷಿತ' ಎಂದು ಬರೆದು ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತ. ಮಕ್ಕಳು ಒಂದು ಗುಟುಕು ಕುಡಿದರು, ನನ್ನನ್ನೇ ದುರುಗುಟ್ಟಿ ನೋಡಿದರು, ಆಮೇಲೆ ಪಾಪ ಬೇರೆ ದಾರಿಯಿಲ್ಲದೆ ಆಡತೊಡಗಿದರು. ಸುರಿದರು, ತುಂಬಿದರು, ಒಬ್ಬರ ತಲೆಗೊಬ್ಬರು ಎರಚಿದರು. ಇಪ್ಪತ್ತೆರಡು ನಿಮಿಷ! ದೊಡ್ಡ ಟೀಚರ ಮುಖಕ್ಕೆ ರಕ್ತ ವಾಪಸು ಬಂತು.

ಬೀಗ ಮಾತ್ರ ಲೋಟ ಹಿಡಿದು ನಿಂತೇ ಇದ್ದಳು. ಮತ್ತೊಮ್ಮೆ ಮುಳುಗಿಸಿದಳು, ತುಟಿಗೆ ತಾಗಿಸಿದಳು. ಸೀದಾ ನನ್ನ ಬಳಿ ಬಂದು ಏಪ್ರನ್ ಜಗ್ಗಿದಳು.

“ಅಜ್ಜೀ, ಉಪ್ಪಿಲ್ಲ.”

ಇಪ್ಪತ್ತೇಳು ವರ್ಷ ಕೇಳಿದ ದೂರು. ಅಷ್ಟೂ ವರ್ಷ ನಾನು ಕೊಟ್ಟ ಉತ್ತರ ಒಂದೇ: ಡಾಕ್ಟರು ಬೇಡ ಅಂದಿದಾರೆ. ಈಗಲೂ ಅದೇ ಉತ್ತರ ನಾಲಗೆಯ ತುದಿಗೆ ಬಂತು. ಥೂ, ನನ್ನ ಜನ್ಮಕ್ಕಿಷ್ಟು ಎಂದುಕೊಂಡೆ. ಬಾಟಲಿಯ ಸೇಬಿನ ರಸವನ್ನು ಪೂರ್ತಿ ಟಬ್ಬಿಗೆ ಸುರಿದೆ, ನಿಂಬೆ ಹಿಂಡಿದೆ, ಉಪ್ಪು ಉದುರಿಸಿದೆ, ತೋಳು ಮಡಿಸಿ ಮೊಣಕೈವರೆಗೆ ಕೈ ಹಾಕಿ ಕಲಸಿದೆ. ಹಿಂದೆ ದೊಡ್ಡ ಟೀಚರ್ ಕುರ್ಚಿ ಹುಡುಕಿಕೊಂಡು ಕುಸಿದದ್ದು ಕೇಳಿಸಿತು.

ಮುಂದಿನದಕ್ಕೆ ಆರು ನಿಮಿಷ ಹಿಡಿಯಿತು. ಬೀಗ ನಾಲ್ಕು ಲೋಟ ಕುಡಿದಳು. ಖಾಲಿ ಟಬ್ಬಿನ ತಳವನ್ನು ಚಮಚದಲ್ಲಿ ಕೆರೆದಳು. ಆಮೇಲೆ ಲೋಟವನ್ನು ನನ್ನ ಮುಂದೆ ಚಾಚಿದಳು.

“ಇನ್ನೊಂದು ಸೌಟು.”

ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

“ಎರಡು ನಿಮಿಷ ಕಡಿಮೆ,” ಎಂದ ಅಧಿಕಾರಿ. ಗಡಿಯಾರ ಜೇಬಿಗಿಟ್ಟು ಗಂಟಲು ಸರಿಮಾಡಿಕೊಂಡ. “ನೀರಿಗೆ ಮಧ್ಯದಲ್ಲಿ ಏನೋ ಸೇರಿದೆ. ನಿಯಮದಂತೆ ನಾನು ಮತ್ತೆ ಕುಡಿದು ನೋಡಬೇಕು.” ಟಬ್ಬಿನಲ್ಲಿ ಏನೂ ಉಳಿದಿರಲಿಲ್ಲ. ಒಂದು ಪುಣ್ಯಾತ್ಮ ಮಗು ತನ್ನ ಆಲಿಕೆಯನ್ನು ಬೆರಳಿಂದ ಮುಚ್ಚಿ ಹಿಡಿದು ಕೊಟ್ಟಿತು. ಅಧಿಕಾರಿ ಕುಡಿದ. ಬಹಳ ಹೊತ್ತು ಬರೆದ. ಕಾಗದವನ್ನು ದೊಡ್ಡ ಟೀಚರ ಕೈಗಿಟ್ಟು, ನನ್ನ ಕಡೆ ನೋಡದೆ ಹೋದ. ಅವನ ಮೀಸೆಯ ಕೆಳಗೂ ಒಂದು ಕೆಂಪು ಮೀಸೆ ಇತ್ತು.

ಶುಕ್ರವಾರ ನಾನು ಹೋದದ್ದು ನನ್ನ ಸೌಟು, ಚಾಕು ವಾಪಸು ತರಲು. ಯಾರೂ ಹೊರಗೆ ಹೋಗು ಎನ್ನುವ ಮೊದಲೇ ಹೋಗುವುದು ನನ್ನ ಸ್ವಭಾವ. ಚೀಲ ಹೆಗಲಿಗೇರಿಸಿ ಹೊರಟಿದ್ದೆ, ಗೇಟಿನಲ್ಲಿ ಬಸ್ ಡ್ರೈವರ್ ಎದುರಾದ. ಹೆಗಲ ಮೇಲೆ ಬೀಗ, ಕೈಯಲ್ಲಿ ಆಸ್ಪತ್ರೆಯ ಚೀಟಿ. ಚೀಟಿಯನ್ನು ನನ್ನ ಮೂಗಿನ ಹತ್ತಿರ ಹಿಡಿದ.

“ಆರುನೂರು ಗ್ರಾಂ ಏರಿದಾಳಮ್ಮಾ,” ಎಂದ. “ನಳಿಕೆ ಬೇಡವಂತೆ.”

ಜೀವಮಾನದಲ್ಲಿ ನಾನು ಖುಷಿಯಿಂದ ಓದಿದ ಮೊದಲ ಡಾಕ್ಟರ ಚೀಟಿ ಅದು. ಎರಡು ಸಲ ಓದಿದೆ. ಬೀಗ ಮೇಲಿನಿಂದ ನನ್ನ ಚೀಲದೊಳಗೆ ಇಣುಕಿ ನೋಡಿ, “ಸೌಟು ಎಲ್ಲಿಗೆ ತಗೊಂಡು ಹೋಗ್ತಿದೀಯಾ?” ಎಂದು ಗದರಿಸಿದಳು.

ಉತ್ತರ ಕೊಡುವಷ್ಟರಲ್ಲಿ ದೊಡ್ಡ ಟೀಚರ್ ತಪಾಸಣೆಯ ಕಾಗದ ಹಿಡಿದು ಬಂದು ನಿಂತರು. ಅಧಿಕಾರಿ ಬರೆದದ್ದು ಒಂದೇ ಸಾಲು: ಟಬ್ ಚಿಕ್ಕದಾಯಿತು, ಕೂಡಲೇ ದೊಡ್ಡದು ತರಿಸತಕ್ಕದ್ದು.

“ಈಗಿನದರ ಎರಡರಷ್ಟು ದೊಡ್ಡ ಟಬ್ಬಿಗೆ ಬೀಟ್‌ರೂಟ್ ಎಷ್ಟು ಬೇಕಾಗುತ್ತೆ?” ಎಂದು ಗೋಡೆ ನೋಡುತ್ತಾ ಕೇಳಿದರು.

“ನಾಲ್ಕು ಕೇಜಿ,” ಎಂದೆ ನಾನೂ ಗೋಡೆಯನ್ನೇ ನೋಡುತ್ತಾ, “ಉಪ್ಪು ಮಾತ್ರ ನನ್ನ ಕೈಯಲ್ಲಿ.”

ಚೀಲ ಬಿಚ್ಚಿ, ಅಪ್ಪನ ಹೆಗಲಿಂದ ಇಳಿದ ಬೀಗಳ ಕೈಗೆ ಸೌಟು ಕೊಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಕಡೆ ನಡೆದಳು.